ಒಂದೇ ಹಗೇವಿನ ಮನೆ

ನಮ್ಮ ಮನೆಯವರು ಕೊಪ್ಪಳದ ಸಂತೆಗೆ ಹೋದರೆ ಬೆಲ್ಲ ಮರೆತು ಬರುತ್ತಿದ್ದರು, ಉಪ್ಪು ಮರೆತು ಬರುತ್ತಿದ್ದರು. ಸಾವ್ಕಾರರ ಮಾತನ್ನು ಮಾತ್ರ ಒಂದು ಸಲವೂ ಮರೆತು ಬಂದವರಲ್ಲ. ಬಂಡಿಯ ಎತ್ತು ಬಿಚ್ಚಿ, ಕಾಲು ತೊಳೆದು, ಒಳಗೆ ಬಂದು ಕೂತರೆಂದರೆ ಮೊದಲು ಬಾಯಿಂದ ಬರುತ್ತಿದ್ದುದು ಅದೇ: “ಇವತ್ತ ಸಾವ್ಕಾರ್ರು ಏನಂದ್ರು ಗೊತ್ತೈತೇನು?”

ಆ ಸಾವ್ಕಾರರನ್ನು ನಾನು ಬಹಳ ದಿನ ನೋಡಿರಲಿಲ್ಲ. ತಲೆಯ ಮೇಲೆ ಶೇಂಗಾದ ಗಂಟು ಹೊತ್ತು ಕೊಪ್ಪಳಕ್ಕೆ ಬಂದವರಂತೆ. ನಾನು ಗಂಡನ ಮನೆಗೆ ನಡೆಯುವ ಹೊತ್ತಿಗೆ ಸ್ಟೇಶನ್ನಿನ ಹತ್ತಿರ ಅವರದು ದೊಡ್ಡ ಅಡತಿ ಅಂಗಡಿ. ಶೇಂಗಾ, ಹತ್ತಿ, ಜೋಳ ಎಲ್ಲ ಅವರ ಕೈ ಮೇಲೆ ಹಾದು ರೈಲು ಹತ್ತುತ್ತಿತ್ತು. ಸುತ್ತಲಿನ ಹತ್ತು ಹಳ್ಳಿಯ ಗಂಡಸರು ಸಂತೆ ಮುಗಿದ ಮೇಲೆ ಅವರ ಗಾದಿಯ ಮುಂದೆ ಚಾಪೆಯ ಮೇಲೆ ಕೂತು ಅವರ ಮಾತು ಕೇಳುತ್ತಿದ್ದರಂತೆ, ಮಠದಲ್ಲಿ ಪುರಾಣ ಕೇಳಿದ ಹಾಗೆ. ನಮ್ಮವರು ಮುಂದಿನ ಸಾಲಿನಲ್ಲಿ.

“ಮನಷ್ಯಾ ಹಗೇವಿನಂಗ ಇರಬೇಕು, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು” ಎಂದರಂತೆ ಸಾವ್ಕಾರರು. ಮರುದಿನದಿಂದ ನಮ್ಮವರು ಮಾತು ಕಡಿಮೆ ಮಾಡಿದರು. ಕೇಳಿದ್ದಕ್ಕೆ ಹ್ಞೂಂ, ಇಲ್ಲವೆ ಉಹ್ಞೂಂ. ಸಾವ್ಕಾರರು ಎಡಗಾಲು ಮಡಚಿ ಕೂರುತ್ತಾರೆಂದು ಇವರೂ ಎಡಗಾಲು ಮಡಚಿದರು. ಅವರು ಮುಂಜಾನೆ ಯಾರ ಮುಂದೆಯೂ ಧಾರಣೆ ಹೇಳುವುದಿಲ್ಲವಂತೆ. ಇವರು ನನಗೆ ಮುಂಜಾನೆ ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದು ಹೇಳುವುದನ್ನೂ ಬಿಟ್ಟರು. ನಮ್ಮ ಅತ್ತೆ ಬಾಯಿ ಬಿಗಿ ಹಿಡಿದವರಲ್ಲ. “ಯಾಕಪಾ ತಮ್ಮಾ, ಮಜ್ಜಿಗಿ ಹೆಂಗ ಕುಡೀಬೇಕಂತ ಸಾವ್ಕಾರ್ರು ಹೇಳಿ ಕಳಿಸಿಲ್ಲೇನು? ಬಟ್ಟಲಾ ಹಂಗ ಇಟಗೊಂಡು ಕುಂತಿ” ಎನ್ನುವರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಇವರು ನಗುತ್ತಿರಲಿಲ್ಲ. ನಗುವುದೂ ಖರ್ಚು ಎಂದು ಸಾವ್ಕಾರರು ಹೇಳಿದ್ದರೋ ಏನೋ.

ಇಷ್ಟೇ ಆಗಿದ್ದರೆ ಅದು ಮನೆಯೊಳಗಿನ ನಗೆಯಾಗಿ ಉಳಿಯುತ್ತಿತ್ತು.

ಈಗಿನವರಿಗೆ ಹಗೇವು ಎಂದರೆ ಗೊತ್ತಿಲ್ಲ, ಹೇಳಬೇಕು. ಇಟಗಿಯ ಆಚೆ, ಯಲಬುರ್ಗಿಯ ದಾರಿಯಲ್ಲಿ ನಮ್ಮ ಊರು. ಓಣಿಯ ನೆಲ ಗಟ್ಟಿ ಗರಸು. ಅದರಲ್ಲಿ ಎರಡು ಆಳು ಆಳ ತೋಡಿ, ಒಳಗೆ ಕೊಡದ ಹೊಟ್ಟೆಯ ಹಾಗೆ ಅಗಲ ಮಾಡಿ, ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು ಬಿಡುತ್ತಿದ್ದರು. ಸುತ್ತಲೂ ಹುಲ್ಲು ಒತ್ತಿ ಜೋಳ ತುಂಬುವುದು, ಮೇಲೆ ಹೊಟ್ಟು, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಮಣ್ಣು, ಗುರುತಿಗೆ ಮೇಲೊಂದು ಚಪ್ಪಟೆ ಕಲ್ಲು. ಬಾಯಿ ತೆಗೆಯುವ ತನಕ ಎರಡು ವರ್ಷವಾದರೂ ಜೋಳ ಹಾಗೆಯೇ ಇರುತ್ತದೆ. ಆದರೆ ಒಮ್ಮೆ ತೆಗೆದ ಮೇಲೆ ಪೂರಾ ತೆಗೆಯಲೇಬೇಕು. ಗಾಳಿ ಹೊಕ್ಕರೆ ಹುಳ ಹೊಕ್ಕಂತೆ. ಅಷ್ಟು ಜೋಳವನ್ನು ಒಂದು ಮನೆಯಲ್ಲಿ ಎಲ್ಲಿ ಇಡುವುದು?

ಅದಕ್ಕೆ ನಮ್ಮ ಓಣಿಯಲ್ಲಿ ಪಾಳಿ ಇತ್ತು. ನಾಲ್ಕು ಮನೆ, ನಾಲ್ಕು ಹಗೇವು. ಒಬ್ಬರದು ತೆಗೆದರೆ ಆ ಜೋಳವನ್ನು ನಾಲ್ಕೂ ಮನೆಗೆ ಅಳೆದು ಹಂಚುವುದು. ಅದು ಮುಗಿದಾಗ ಇನ್ನೊಬ್ಬರದು. ಹೀಗೆ ವರ್ಷವಿಡೀ ಹಸನಾದ ಜೋಳ, ಯಾರದೂ ಕೆಡುವುದಿಲ್ಲ. ತುಂಬುವ ದಿನವೇ ಪಾಳಿ ಗೊತ್ತು ಮಾಡಿ, ಆ ಗುರುತಿನ ಕಲ್ಲಿನ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಒಂದು ಗೆರೆಯದು ಮೊದಲು, ನಾಲ್ಕು ಗೆರೆಯದು ಕೊನೆಗೆ. ಗೆರೆ ಎಳೆಯುತ್ತಿದ್ದವರು ನಮ್ಮ ಎದುರು ಮನೆಯ ದೊಡ್ಡವ್ವ. ನಮಗೆ ಸಂಬಂಧವೇನಲ್ಲ, ಓಣಿಗೆಲ್ಲ ದೊಡ್ಡವ್ವ. ಗಂಡ ಇಲ್ಲ, ಒಬ್ಬ ಮಗ, ಒಬ್ಬ ಮಗಳು.

ಯುದ್ಧದ ವರ್ಷಗಳವು. ಆ ವರ್ಷ ದೊಡ್ಡವ್ವನ ಹಗೇವಿಗೆ ಒಂದು ಗೆರೆ, ನಮ್ಮದಕ್ಕೆ ನಾಲ್ಕು. ಕಾರ ಹುಣ್ಣಿಮೆಗೆ ಅವರದು ತೆಗೆದರು. ನಾವೂ ತಂದೆವು, ರೊಟ್ಟಿ ಬಡಿದೆವು, ಉಂಡೆವು. ಆಮೇಲೆ ಎರಡನೆಯ ಮನೆಯದು, ಮೂರನೆಯದು. ಶ್ರಾವಣ ಮುಗಿಯುವಾಗ ದೊಡ್ಡವ್ವನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದವಳು ಗಂಡು ಹೆತ್ತಳು. ಐದು ತಿಂಗಳು ಇಟ್ಟುಕೊಂಡು, ಉಡಿ ತುಂಬಿ, ತೊಟ್ಟಿಲ ಸಮೇತ ಕಳಿಸಬೇಕೆಂದು ಆಕೆಯ ಆಸೆ. “ಸೀಗಿ ಹುಣ್ಣಿವಿಗೆ ನಿಮ್ಮದು ತಗೀತಾರಲಾ, ನನಗೇನ ಚಿಂತಿಲ್ಲ ಬಿಡು” ಎಂದು ನನ್ನ ಮುಂದೆಯೇ ಅಂದಿದ್ದರು. ನಾನು, “ಹೂಂ ದೊಡ್ಡವ್ವಾ, ನಿಮ್ಮದ ಅದು” ಎಂದಿದ್ದೆ. ಆ ಮಾತು ನನ್ನ ಬಾಯಿಂದ ಬಂದದ್ದು. ಅದನ್ನು ನಾನು ಯಾರ ಮೇಲೂ ಹಾಕಲಾರೆ.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಮೂರೂ ಮನೆಯವರು ಬುಟ್ಟಿ, ಹಗ್ಗ, ಚೀಲ ಹಿಡಿದು ನಮ್ಮ ಕಟ್ಟೆಗೆ ಬಂದರು. ಮರುದಿನ ಹೊಲಕ್ಕೆ ಭೂಮಿತಾಯಿಗೆ ಚೆಲ್ಲುವ ಚರಗ ಒಯ್ಯಲು ಅದೇ ಜೋಳದ ಅಡುಗೆಯಾಗಬೇಕು. ನಮ್ಮವರು ಎಡಗಾಲು ಮಡಚಿ ಕೂತಿದ್ದರು.

“ಈ ಸಲ ತಗಿಯೂದಿಲ್ಲ” ಎಂದರು.

ದೊಡ್ಡವ್ವನಿಗೆ ಹಾಸ್ಯವೆನಿಸಿತು. “ಯಾಕೋ ತಮ್ಮಾ, ಒಳಗ ಹಾವು ಮಲಗೈತೇನು?”

“ಹಾವಿಲ್ಲ ದೊಡ್ಡವ್ವಾ. ಧಾರಣಿ ಏರಾಕ ಹತ್ತೈತಿ. ಎಲ್ಲಾರೂ ತಗಿಯೂವಾಗ ಮುಚ್ಚು, ಎಲ್ಲಾರೂ ಹುಡುಕೂವಾಗ ತಗಿ ಅಂತ ಸಾವ್ಕಾರ್ರು ಅಂದಾರ. ಬನದ ಹುಣ್ಣಿವಿಗೆ ತಗೀತೀನಿ. ನಿಮ್ಮ ನಿಮ್ಮ ಪಾಲು ಒಂದು ಕಾಳು ಕಡಿಮಿ ಇಲ್ಲದಂಗ ಕೊಡ್ತೀನಿ. ನಾ ಯಾರದ ಉಂಡು ಓಡಿ ಹೊಂಟಿಲ್ಲ.”

“ಬನದ ಹುಣ್ಣಿವಿ ಅಂದ್ರ ಇನ್ನೂ ಮೂರು ತಿಂಗಳು. ಅಲ್ಲೀತನಾ ಏನ ತಿನ್ನೂಣು, ಸಾವ್ಕಾರ್ರ ಮಾತ?”

ಯಾರೋ ನಕ್ಕರು. ಉಳಿದ ಎರಡು ಮನೆಯ ಗಂಡಸರು ಹಗ್ಗ ಸುತ್ತಿಕೊಂಡು ಎದ್ದರು. ದೊಡ್ಡವ್ವ ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದೆ. ತಲೆ ತಗ್ಗಿಸಿ ಮೊರ ಕೇರತೊಡಗಿದೆ.

ಒಳಗೆ ಹೋದ ಮೇಲೆ ಅಂದೆ: “ಆಕಿ ಜೋಳ ನಾವು ಉಂಡೀವ್ರಿ.”

“ಕೊಡೂದಿಲ್ಲ ಅಂದ್ನೇನು? ತಡ ಅಂದೆ.”

“ಬಾಣಂತಿ ಹೊಟ್ಟಿಗೆ ತಡ ಅಂದ್ರ ತಿಳಿತೈತೇನ್ರಿ?”

ಅವರ ಆಸೆಯೂ ಕೆಟ್ಟ ಆಸೆಯಲ್ಲ, ಅದನ್ನೂ ಹೇಳಬೇಕು. ನಮ್ಮ ಪಾಲಿಗೆ ಉಳಿಯುವ ಜೋಳವನ್ನು ಏರಿದ ಧಾರಣೆಗೆ ಮಾರಿ, ಕೊಪ್ಪಳದಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ ಹಾಕಬೇಕು, ನಮ್ಮ ಮಕ್ಕಳು ಎರಿ ಮಣ್ಣು ತುಳಿಯದೆ ಸಾಲಿಗೆ ಹೋಗಬೇಕು ಎಂದಿತ್ತು. ಹೆಂಡತಿ ಮಕ್ಕಳಿಗಾಗಿ ಎಂದ ಮೇಲೆ ಹೆಂಡತಿ ಏನು ಹೇಳುವುದು? ಆದರೂ ಅನ್ನ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಲಿಂಗಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ, ಕಣ್ಣಿನಲ್ಲಿ ಹಗೇವಿನ ಕಲ್ಲು. ನನಗೊಂದು ರೂಢಿ ಇದೆ, ತವರಿನಲ್ಲಿ ಅಜ್ಜಿ ಕಲಿಸಿದ್ದು. ಸಂಜೆ ದೀಪ ಹಚ್ಚಿ ಆ ದಿನ ಶಿವ ಕೊಟ್ಟದ್ದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು. ಎಮ್ಮೆ ಒದೆಯಲಿಲ್ಲ, ಒಂದು. ಮಗುವಿನ ಜ್ವರ ಇಳಿಯಿತು, ಎರಡು. ಆ ದಿನಗಳಲ್ಲಿ ಎಣಿಸಲು ಕೂತರೆ ಒಂದು ಬೆರಳೂ ತುಂಬುತ್ತಿರಲಿಲ್ಲ.

ವಿಚಿತ್ರವೆಂದರೆ ನಮ್ಮ ಮನೆಯಲ್ಲೂ ಜೋಳ ಇರಲಿಲ್ಲ. ಬಾಗಿಲ ಮುಂದೆ ನೆಲದ ಕೆಳಗೆ ಹಗೇವು ತುಂಬಾ ಜೋಳ, ಮೇಲೆ ನಾವು ಸಜ್ಜೆ ರೊಟ್ಟಿ, ನವಣೆ ಅನ್ನ ತಿನ್ನುತ್ತಿದ್ದೆವು. ಅತ್ತೆ ದಿನಾ ಊಟಕ್ಕೆ ಕೂತಾಗ, “ಜೋಳದ ಮ್ಯಾಲ ಮಲಗಿ ಸಜ್ಜಿ ತಿನ್ನೂ ಶ್ರೀಮಂತಿಕಿ ನಮ್ಮದು” ಎನ್ನುವರು. ಭಾವಿಗೆ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಕೊಡ ಇಳಿಸಿ ಅತ್ತುಬಿಡುತ್ತಿದ್ದೆ.

ದೊಡ್ಡವ್ವ ಮೊದಮೊದಲು ಸಂತೆಯಿಂದ ಒಂದು ಸೇರು, ಅರ್ಧ ಸೇರು ತಂದು ಮಗಳಿಗೆ ಮಾತ್ರ ರೊಟ್ಟಿ ಮಾಡುತ್ತಿದ್ದರು. ತಾವೂ ಮಗನೂ ಏನು ಉಂಡರೋ. ಒಂದು ಮುಂಜಾನೆ ನಾನು ನಮ್ಮ ಸಜ್ಜೆ ಹಿಟ್ಟನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋದೆ. ಆಕೆ ಬುಟ್ಟಿಯ ಅರಿವೆ ಎತ್ತಿ ನೋಡಿ ಮತ್ತೆ ಮುಚ್ಚಿದರು. “ಭಿಕ್ಷಾ ಬ್ಯಾಡವ್ವಾ ನನಗ. ನನ್ನದ ನನಗ ಕೊಡ್ರಿ ಅಂದೆ, ಅಷ್ಟ” ಎಂದರು.

ದೀಪಾವಳಿ ಮುಗಿದ ಮೂರನೆಯ ದಿನ ಅವರ ಬಾಗಿಲಲ್ಲಿ ಬಂಡಿ ನಿಂತಿತು. ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದರು. ಕೂಸಿಗೆ ಮೂರು ತಿಂಗಳೂ ತುಂಬಿರಲಿಲ್ಲ. ಉಡಿಗೆ ಹಾಕಲು ಸಿಕ್ಕಿದ್ದು ಒಂದೇ ಹಿಡಿ ಅಕ್ಕಿ. ತೊಟ್ಟಿಲು ಇರಲಿಲ್ಲ. ಕೂಸಿನ ತಲೆಗೆ ಕುಲಾವಿ ಕಟ್ಟಿ, ಬಂಡಿಯಲ್ಲಿ ಕೌದಿ ಹಾಸಿ ಮಗಳನ್ನು ಕೂರಿಸಿದರು. ಆ ಹುಡುಗಿ ನಮ್ಮ ಮನೆಯ ಕಡೆ ನೋಡಲಿಲ್ಲ. ಬೀಗರು ಏನೆನ್ನುತ್ತಾರೆ ಎಂಬುದು ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು: ಹೆತ್ತ ಮಗಳಿಗೆ ಐದು ತಿಂಗಳು ರೊಟ್ಟಿ ಹಾಕುವುದು ತಾಯಿಯಿಂದ ಆಗಲಿಲ್ಲ ಎಂದು. ನಾನು ಬಾಗಿಲ ಸಂದಿಯಿಂದ ನೋಡಿದೆ. ನಮ್ಮವರು ಹಿತ್ತಲಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದರು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದರು.

ಅದೇ ವಾರ ಸ್ವಾತಿ ಮಳೆ ಹಿಡಿದುಕೊಂಡಿತು. ಎರಡು ದಿನ, ಮೂರು ದಿನ. ಓಣಿಯಲ್ಲಿ ನೀರು ಹರಿಯಿತು. ಇವರು ಗಳಿಗೆಗೊಮ್ಮೆ ಎದ್ದು ಹೋಗಿ ಹಗೇವಿನ ಮೇಲೆ ಮಣ್ಣು ಹಾಕಿ ತುಳಿದು ಬರುತ್ತಿದ್ದರು. “ಏನೂ ಆಗೂದಿಲ್ಲ” ಎನ್ನುತ್ತಿದ್ದರು. ನಾನು ಕೇಳಿರಲಿಲ್ಲ.

ಮಳೆ ಬಿಟ್ಟು ಎರಡು ದಿನಕ್ಕೆ ಸಾವ್ಕಾರರೇ ನಮ್ಮ ಊರಿಗೆ ಬಂದರು. ಯಲಬುರ್ಗಿಯ ಕಡೆ ಶೇಂಗಾ ನೋಡಲು ಹೊರಟವರ ಬಂಡಿಯನ್ನು ನಮ್ಮವರು ಊರ ಅಗಸಿ ಬಾಗಿಲಲ್ಲೇ ತಡೆದು, ಊಟ ಮಾಡಿಯೇ ಹೋಗಬೇಕೆಂದು ಕರೆತಂದರು. ಮನೆ ಸಾರಿಸಿ, ಕಂಬಳಿ ಹಾಸಿದೆ. ಸಾವ್ಕಾರರು ನಾನು ಅಂದುಕೊಂಡಂತೆ ಇರಲಿಲ್ಲ. ಸಣ್ಣ ಆಳು, ನೆರೆತ ಮೀಸೆ, ಹಣೆ ತುಂಬ ವಿಭೂತಿ. ಮಾತೂ ಕಡಿಮೆಯಲ್ಲ, ಬಂದ ಗಳಿಗೆಯಿಂದ ಎಮ್ಮೆ, ಮಕ್ಕಳು, ಅತ್ತೆಯ ಮಂಡಿನೋವು ಎಲ್ಲ ಕೇಳಿದರು. ಕೂತದ್ದು ಬಲಗಾಲು ಮಡಚಿ.

ತಾಟಿನಲ್ಲಿ ಸಜ್ಜೆ ರೊಟ್ಟಿ ನೋಡಿ, “ಯಾಕವ್ವಾ, ಎರಿ ಸೀಮ್ಯಾಗ ಬಂದು ಸಜ್ಜಿ ರೊಟ್ಟಿ ತಿನ್ನಬೇಕೇನು? ಜೋಳ ಇಲ್ಲೇನು?” ಎಂದು ನಕ್ಕರು.

ನಾನು ಬಾಗಿಲ ಹಿಂದಿದ್ದೆ. ಅತ್ತೆ ಬಿಡಲಿಲ್ಲ. “ಅದಾವ್ರೀ ಸಾವ್ಕಾರ್ರ. ನಿಮ್ಮ ಮಾತಿನ ಕೆಳಗ ಅದಾವ.”

“ನನ್ನ ಮಾತಿನ ಕೆಳಗ?”

“ಯವ್ವಾ, ಸುಮ್ನಿರು” ಎಂದರು ನಮ್ಮವರು.

“ಯಾಕ ಸುಮ್ನಿರಲಿ? ನಾಕು ಮನಿ ಪಾಳಿ ಸಾವ್ಕಾರ್ರ. ಮೂರು ಮನೀದು ಉಂಡು ಕುಂತು, ನಮ್ಮ ಪಾಳಿ ಬಂದ ಕೂಡ್ಲೆ ಇಂವ ಕಲ್ಲ ಮುಚ್ಚ್ಯಾನ. ನೀವ ಅಂದೀರಂತ.”

ಸಾವ್ಕಾರರ ಕೈ ತಾಟಿನಲ್ಲಿಯೇ ನಿಂತಿತು. ಇವರ ಕಡೆ ತಿರುಗಿದರು. “ನಿಂದು ಹಗೇವು ಎಷ್ಟಪಾ?”

“ಒಂದ್ರಿ.”

“ಒಂದ?”

“ಹೌದ್ರಿ.”

“ಹುಚ್ಚ ಅದಿಯೇನೋ ಮಾರಾಯಾ! ನನಗ ನಲವತ್ತು ಹಗೇವು ಅದಾವ. ಮೂವತ್ತೊಂಬತ್ತು ತಗದು ಮಂದಿಗೆ ಕೊಟ್ಟಿರ್ತೀನಿ, ಒಂದರ ಬಾಯಿ ಮುಚ್ಚಿರ್ತೀನಿ. ಅದು ಕೊಳತು ನೀರಾದ್ರೂ ನನ್ನ ತಾಟಿನ್ಯಾಗ ರೊಟ್ಟಿ ಇರ್ತೈತಿ. ನೀ ಇದ್ದದ್ದೊಂದು ಮುಚ್ಚಿದ್ರ?” ತಲೆ ಅಲ್ಲಾಡಿಸಿದರು. “ಎಲ್ಲಾರೂ ಬಂದು ಈಗ ಏನ ಮಾಡ್ತೀರಿ ಅಂತ ಕೇಳ್ತಾರ. ಒಂದ ಹಗೇವು ಇದ್ದಾಗ ಏನ ಮಾಡ್ತಿದ್ರಿ ಅಂತ ಒಬ್ಬನೂ ಕೇಳಿಲ್ಲ ಇಲ್ಲೀತನಾ.”

ನನಗೆ ಎಲ್ಲಿಂದ ಧೈರ್ಯ ಬಂತೋ. ಬಾಗಿಲ ಹಿಂದಿನಿಂದಲೇ ಕೇಳಿದೆ: “ಏನ ಮಾಡ್ತಿದ್ರಿ ಯಪ್ಪಾ?”

“ಪಾಳಿ ಬಂದ ದಿನ ತಗೀತಿದ್ದೆನವ್ವಾ. ಒಂದು ದಿನ ಮುಂಚೇನ ತಗೀತಿದ್ದೆ. ಆ ಪಾಳಿ ಮನಿಯವರೇ ಮುಂದ ನನ್ನ ಅಂಗಡಿಗೆ ಮೊದಲ ಗಿರಾಕಿ ಆದ್ರು. ಅವರು ಬರದಿದ್ರ ನಾ ಇನ್ನೂ ಗಂಟು ಹೊರತಿದ್ದೆ.”

ಊಟ ಮುಗಿಸಿದರು, ರೊಟ್ಟಿ ಚೆನ್ನಾಗಿದೆ ಎಂದರು, ಕೈ ತೊಳೆದುಕೊಂಡು ಬಂಡಿ ಹತ್ತಿದರು. ಅವರದೇನು ತಪ್ಪು? ಅವರು ತಮ್ಮ ಮಾತು ತಾವು ಹೇಳಿದ್ದರು. ಆದರೂ ಬಂಡಿ ಅಗಸಿ ದಾಟುವುದನ್ನು ನೋಡುತ್ತ ನನ್ನ ಹೊಟ್ಟೆ ಉರಿಯಿತು. ಮಾತು ಆಡಿದವರಿಗೆ ಕೈ ತೊಳೆಯಲು ಒಂದು ತಂಬಿಗೆ ನೀರು ಸಾಕಾಗುತ್ತದೆ.

ನಮ್ಮವರು ಆ ದಿನ ಏನೂ ಉಣ್ಣಲಿಲ್ಲ. ಮರುದಿನ ಮಧ್ಯಾಹ್ನ, ಓಣಿಯ ಗಂಡಸರೆಲ್ಲ ಹೊಲದಲ್ಲಿರುವ ಹೊತ್ತಿಗೆ, ಒಬ್ಬರೇ ಸಲಿಕೆ ಹಿಡಿದು ಹಗೇವಿನ ಮಣ್ಣು ಸರಿಸತೊಡಗಿದರು. ಹಗೇವನ್ನು ಒಬ್ಬರೇ ತೆಗೆಯುವುದಿಲ್ಲ. ಮೇಲೆ ಹಗ್ಗ ಹಿಡಿಯಲು ಇಬ್ಬರಾದರೂ ಬೇಕು. ಆದರೆ ಯಾರನ್ನು ಕರೆಯುವುದು, ಯಾವ ಮುಖದಲ್ಲಿ? “ನಾಕು ಬುಟ್ಟಿ ತಗದು ಮೊದಲ ದೊಡ್ಡವ್ವನ ಮನಿಗೆ ಹಾಕಿ ಬರ್ತೀನಿ, ಆಮ್ಯಾಲ ಎಲ್ಲಾರನೂ ಕರೀತೀನಿ” ಎಂದರು. ನಾನು ಹಗ್ಗ ಹಿಡಿಯುತ್ತೇನೆ ಎಂದೆ. ಕಲ್ಲು ಜರುಗಿಸಿದೊಡನೆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಇವರ ಮುಖ ಕಪ್ಪಿಟ್ಟಿತು. ಹೊಟ್ಟು, ಜೋಳ ಎಲ್ಲ ಕುಸಿದು ಮೇಲೆ ಆಳುದ್ದ ಖಾಲಿ ಬಿದ್ದಿತ್ತು, ಒಳಗೆ ನೀರು ಇಳಿದಿದೆ ಎಂದು ಇಬ್ಬರಿಗೂ ತಿಳಿಯಿತು. ಕೆಡದೆ ಉಳಿದದ್ದನ್ನಾದರೂ ಎತ್ತಬೇಕೆಂದು ಆತುರದಲ್ಲಿ ಕಾಲು ಒಳಗೆ ಬಿಟ್ಟರು.

“ದೀಪ ಇಳಿಸಿಯೇನ?”

ದೊಡ್ಡವ್ವ. ತಮ್ಮ ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕೂತಿದ್ದರು, ನಾವು ನೋಡಿರಲಿಲ್ಲ. ಇವರು ಕಾಲು ಬಿಟ್ಟವರು ಹಾಗೆಯೇ ಕೂತರು.

“ಮಳಿ ಕುಡದ ಹಗೇವು ಅದು. ದೀಪ ಇಳಿಸದ ಇಳೀತಿಯೇನ? ಮ್ಯಾಲ ಬಾ. ನಿನ್ನ ಜೋಳ ಬ್ಯಾಡ ನಮಗ, ನಿನ್ನ ಹೆಣಾನೂ ನಮ್ಮ ಓಣ್ಯಾಗ ಬ್ಯಾಡ.”

ನಾನು ಓಡಿ ಹೋಗಿ ಜಗುಲಿಯ ಮೇಲಿದ್ದ ಕಾರ್ತೀಕದ ಹಣತೆಯನ್ನೇ ಹಚ್ಚಿ ತಂದೆ. ಬುಟ್ಟಿಯಲ್ಲಿಟ್ಟು ಹಗ್ಗದಿಂದ ಇಳಿಸಿದೆವು. ಒಂದು ಮೊಳ ಇಳಿಯಿತು, ಉರಿಯುತ್ತಿತ್ತು. ಎರಡು ಮೊಳ. ಮೂರನೆಯ ಮೊಳಕ್ಕೆ ಯಾರೋ ಊದಿದ ಹಾಗೆ ಆರಿಹೋಯಿತು. ಹಗೇವಿನ ಕೆಟ್ಟ ಗಾಳಿ ಹಾಗೆಯೇ. ದೀಪಕ್ಕೆ ಏನಾಗುತ್ತದೋ ಮನುಷ್ಯನಿಗೂ ಅದೇ ಆಗುತ್ತದೆ. ಇವರು ಎದ್ದು ಬಂದು ಗೋಡೆಗೆ ಒರಗಿ ಕೂತರು. ಎರಡೂ ಕಾಲು ಚಾಚಿದ್ದರು. ಸಾವ್ಕಾರರಂತೆ ಅಲ್ಲ, ನನ್ನ ಗಂಡನಂತೆ ಕೂತಿದ್ದರು.

ಆ ಸಂಜೆ ಬೆರಳ ಮೇಲೆ ಎಣಿಸಲು ಕೂತೆ. ಒಂದೇ ಸಿಕ್ಕಿತು. ಒಂದೇ ಸಾಕಾಯಿತು.

ಬಾಯಿ ತೆರೆದು ಒಂದು ದಿನ ಬಿಟ್ಟೆವು. ಮರುದಿನ ದೀಪ ಜೋಳ ಮುಟ್ಟುವ ತನಕ ಉರಿಯಿತು. ಕರೆಯದಿದ್ದರೂ ಮೂರೂ ಮನೆಯವರು ಬಂದರು. ಹಗ್ಗ ಹಿಡಿದರು. ದೊಡ್ಡವ್ವನ ಮಗನೇ ಮೊದಲು ಇಳಿದ. ಗೋಡೆಯ ಸುತ್ತ ಒಂದು ಮೊಳ ಜೋಳ ಕಪ್ಪಾಗಿ ಗಡ್ಡೆಗಟ್ಟಿತ್ತು, ತಳದ್ದು ಕೊಳೆತಿತ್ತು. ನಡುವಿನದು ಕೆಂಪಗಾಗಿ ವಾಸನೆ ಹಿಡಿದಿದ್ದರೂ ತಿನ್ನಲು ಬರುತ್ತಿತ್ತು. ಶಿವ ನಡುವಿನದನ್ನು ಉಳಿಸಿದ. ಮೂರೂ ಮನೆಯ ಪಾಲು ಅಳೆದು ಕೊಟ್ಟ ಮೇಲೆ ನಮ್ಮ ಪಾಲಿಗೆ ಎರಡು ಚೀಲವೂ ಉಳಿಯಲಿಲ್ಲ. ಕೊಪ್ಪಳದ ಅಂಗಡಿಯ ಮಾತು ಆ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ದೊಡ್ಡವ್ವನ ಪಾಲನ್ನು ನಾನೇ ಹೊತ್ತೊಯ್ದೆ. ಅಳೆದು ಹಾಕಿದ ಮೇಲೆ ನಮ್ಮದರಿಂದ ಇನ್ನೆರಡು ಸೇರು ಹೆಚ್ಚಿಗೆ ಹಾಕಿದೆ. ಆಕೆ ಸೇರು ತೆಗೆದುಕೊಂಡು, ಹೆಚ್ಚಿನ ಎರಡನ್ನೂ ಅಳೆದು ನನ್ನ ಬುಟ್ಟಿಗೆ ವಾಪಸು ಹಾಕಿದರು.

“ಇರ್ಲಿ ದೊಡ್ಡವ್ವಾ. ತಡ ಆಗಿದ್ದಕ್ಕ.”

“ತಡ ಸೇರಿನ್ಯಾಗ ಬರ್ತೈತೇನವ್ವಾ? ನನ್ನ ಮಗಳು ಇನ್ನೆರಡು ತಿಂಗಳು ಇರಬೇಕಾಗಿತ್ತು ಈ ಮನ್ಯಾಗ. ಅಳದ ಕೊಡ್ತಿಯೇನು?”

ನಾನು ಬುಟ್ಟಿ ಎತ್ತಿಕೊಂಡು ಬಂದೆ. ಮುಂದಿನ ಬಾಣಂತನಕ್ಕೆ ಆ ಹುಡುಗಿಯನ್ನು ಬೀಗರು ತವರಿಗೆ ಕಳಿಸಲೇ ಇಲ್ಲ.

ನಮ್ಮವರು ಕೊಪ್ಪಳಕ್ಕೆ ಹೋಗುವುದನ್ನು ಬಿಡಲಿಲ್ಲ, ಸಾವ್ಕಾರರ ಮಾತು ಕೇಳುವುದನ್ನೂ ಬಿಡಲಿಲ್ಲ. ಆದರೆ ಯಾರದಾದರೂ ದೊಡ್ಡ ಮಾತು ಮನೆಗೆ ಬಂದರೆ ಅತ್ತೆ ಒಳಗಿನಿಂದಲೇ ಕೇಳುತ್ತಿದ್ದರು: “ಅವರ ಹಗೇವು ಎಷ್ಟಂತ ಕೇಳಿದ್ಯೇನು?” ಇವರು ಈಗ ನಗುತ್ತಿದ್ದರು. ಪೂರಾ ನಗೆಯಲ್ಲ.

ಮುಂದಿನ ಸುಗ್ಗಿಯಲ್ಲಿ ಹಗೇವು ತುಂಬುವ ದಿನ ಬಂತು. ನಮ್ಮನ್ನು ಪಾಳಿಯಿಂದ ಬಿಟ್ಟಾರೆಂದು ಅಂಜಿ ನಾನು ಇಟಗಿಯ ಮಾದೇವನಿಗೆ ಹರಕೆ ಹೊತ್ತಿದ್ದೆ. ಬಿಡಲಿಲ್ಲ. ನಾಲ್ಕೂ ಹಗೇವು ತುಂಬಿ, ಮುಚ್ಚಿ, ಮಣ್ಣು ತುಳಿದು, ಕಲ್ಲುಗಳ ಮೇಲೆ ನೀರು ಹೊಡೆದರು. ದೊಡ್ಡವ್ವ ಸುಣ್ಣದ ಬಟ್ಟಲು ಹಿಡಿದು ಬಂದರು. ಯಾರನ್ನೂ ಕೇಳಲಿಲ್ಲ. ನೇರ ನಮ್ಮ ಕಲ್ಲಿನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಬೆರಳು ಅದ್ದಿ ಒಂದು ಗೆರೆ ಎಳೆದು ಎದ್ದರು.

ಒಂದು ಗೆರೆ ಎಂದರೆ ನಮ್ಮದು ಮೊದಲು. ಎಲ್ಲರೂ ನಮ್ಮ ಜೋಳ ಉಂಡಾದ ಮೇಲೆ ನಾವು ಅವರ ಬಾಗಿಲು ನೋಡುತ್ತ ಕೂರುವುದು. ಅವರು ಒಮ್ಮೆಯೂ ಪಾಳಿ ತಪ್ಪಿಸಲಿಲ್ಲ. ಅದಕ್ಕೂ ನಾನು ಬೆರಳು ಮಡಚಿದ್ದೇನೆ. ಆದರೆ ನಾವು ಆ ಓಣಿಯಲ್ಲಿ ಹಗೇವು ತುಂಬಿದ ಅಷ್ಟೂ ವರ್ಷ, ಉಳಿದ ಮನೆಗಳ ಗೆರೆ ವರ್ಷ ವರ್ಷ ಬದಲಾಗುತ್ತಿತ್ತು. ನಮ್ಮ ಕಲ್ಲಿನ ಮೇಲೆ ಮಾತ್ರ ಯಾವಾಗಲೂ ಒಂದೇ ಗೆರೆ.